‘ಲೆಕ್ಕ ಮುಗಿದಿಲ್ಲ’: ಗಾರ್ಡನ್ ಕೆಲಸದೊಳಗೆ ಜೀತ ನುಸುಳುವ ಬಗೆ

ಹುಬ್ಬಳ್ಳಿ-ಧಾರವಾಡದಲ್ಲಿ ಗಾರ್ಡನ್ ಕಾಂಟ್ರ್ಯಾಕ್ಟ್ ಮಾಡಿಕೊಂಡಿರುವವನು ನಾನು. ಲಾನ್ ಹಾಸುತ್ತೇವೆ, ಬೇಲಿಗಿಡ ಕತ್ತರಿಸುತ್ತೇವೆ, ಡ್ರಿಪ್ ಕೂರಿಸುತ್ತೇವೆ, ಓಡಾಡುವ ದಾರಿಗೆ ಕಲ್ಲು ಜೋಡಿಸುತ್ತೇವೆ. ಅಪಾರ್ಟ್‌ಮೆಂಟ್, ಲೇಔಟ್, ಕಾಲೇಜು, ಕಾರ್ಖಾನೆ, ಕಲಘಟಗಿ ರಸ್ತೆಯ ಫಾರ್ಮ್‌ಹೌಸ್, ಎಲ್ಲಿ ಕರೆದರೂ ಹೋಗುತ್ತೇವೆ. ಕೆಲವು ವರ್ಷಗಳ ಹಿಂದೆ ಒಂದು ಕಾರ್ಖಾನೆಯವರು ವರ್ಷದ ಕೆಲಸ ಕೊಡುವ ಮುಂಚೆ ಉದ್ದದ ಒಂದು ಫಾರ್ಮ್ ಕಳಿಸಿದರು. ಜಿಎಸ್‌ಟಿ ನಂಬರ್, ಪ್ಯಾನ್, ಬ್ಯಾಂಕ್ ವಿವರ ಎಲ್ಲ ತುಂಬಿದೆ. ಕೊನೆಯ ಪುಟದಲ್ಲಿ ಒಂದು ಪ್ರಶ್ನೆ ಇತ್ತು: ನಿಮ್ಮ ಸಂಸ್ಥೆಯಲ್ಲಿ ಆಧುನಿಕ ಗುಲಾಮಗಿರಿ ತಡೆಯಲು ಏನು ವ್ಯವಸ್ಥೆ ಇದೆ?

ನಗು ಬಂತು. ಇರುವುದು ಎಂಟು-ಹತ್ತು ಜನ, ಒಂದು ಪಿಕಪ್ ಗಾಡಿ, ಎರಡು ಹುಲ್ಲು ಕತ್ತರಿಸುವ ಮಷಿನ್. ನಮ್ಮಲ್ಲಿ ಗುಲಾಮರು ಎಲ್ಲಿಂದ ಬರಬೇಕು? ‘ಅನ್ವಯಿಸುವುದಿಲ್ಲ’ ಅಂತ ಬರೆದು, ಸೀಲ್ ಹುಡುಕಲು ಟೇಬಲ್ಲಿನ ಡ್ರಾಯರ್ ಎಳೆದೆ. ಸೀಲಿನ ಪಕ್ಕದಲ್ಲೇ ರಬ್ಬರ್ ಬ್ಯಾಂಡ್ ಸುತ್ತಿದ ಏಳು ಆಧಾರ್ ಕಾರ್ಡ್ ಬಿದ್ದಿದ್ದವು. ಒಂದರ ಅಂಚಿಗೆ ಕೆಂಪು ಮಣ್ಣು ಹತ್ತಿತ್ತು.

ಆ ಕಾರ್ಡ್‌ಗಳನ್ನು ಕಿತ್ತುಕೊಂಡು ಇಟ್ಟಿರಲಿಲ್ಲ. ಒಂದು ಕ್ಯಾಂಪಸ್‌ನಲ್ಲಿ ಗೇಟ್ ಪಾಸ್ ಮಾಡಿಸಬೇಕಿತ್ತು, ಝೆರಾಕ್ಸ್‌ಗೆ ಅಂತ ತೆಗೆದುಕೊಂಡಿದ್ದೆ. ಪಾಸ್ ಬಂದು ನಾಲ್ಕು ತಿಂಗಳಾಗಿತ್ತು. ವಾಪಸ್ ಕೊಡುವುದು ಮರೆತೆ ಅಂತ ಹೇಳಬಹುದು, ಆದರೆ ಅದು ಪೂರ್ತಿ ನಿಜವಲ್ಲ. ಕಾರ್ಡ್ ನಮ್ಮ ಕಡೆ ಇದ್ದರೆ ಹುಡುಗರು ಸೀಸನ್ ಮಧ್ಯದಲ್ಲಿ ಓಡಿಹೋಗುವುದಿಲ್ಲ ಅಂತ, ಕೂಲಿಯವರನ್ನು ಕರೆತರುವ ಮೇಸ್ತ್ರಿ ಒಮ್ಮೆ ಹೇಳಿದ್ದ. ನಾನು ಹೂಂ ಅಂದಿರಲಿಲ್ಲ. ಬೇಡ ಅಂತಲೂ ಅಂದಿರಲಿಲ್ಲ.

ಅದೇ ವಾರ ಆ ಏಳು ಜನರಲ್ಲಿ ಒಬ್ಬ ಹುಡುಗ, ಗದಗ ಕಡೆಯವನು, ಟ್ಯಾಂಕರ್ ಪೈಪ್ ಸುತ್ತುತ್ತಾ ಮೆಲ್ಲಗೆ ಕೇಳಿದ.

“ಊರಿಗೆ ಹೋಗಬೇಕಿತ್ರಿ ಸರ. ಅವ್ವಗ ಆರಾಮಿಲ್ಲ.”

“ಹೋಗಿ ಬಾ. ಯಾರ ಬ್ಯಾಡ ಅಂದಾರ?”

“ಮೇಸ್ತ್ರಿ ಲೆಕ್ಕ ಮುಗದಿಲ್ಲ ಅಂತಾನ್ರಿ. ಕಾರ್ಡೂ ನಿಮ್ಮ ಕಡೆನ ಐತಿ.”

ಈ ಲೇಖನ ಆ ಎರಡು ವಾಕ್ಯಗಳ ಬಗ್ಗೆ. ಜೀತ ಅಂದರೆ ಸರಪಳಿ, ಚಾಟಿ, ಹಳೇ ಕಾಲದ ಗೌಡರ ಮನೆ ಅಂತ ನಾವು ಅಂದುಕೊಂಡಿರುತ್ತೇವೆ. ನಮ್ಮ ಧಂದೆಯಲ್ಲಿ ಅದು ಬರುವುದು ಹಾಜರಿ ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟ ಮುಂಗಡದ ಲೆಕ್ಕವಾಗಿ. ಅದಕ್ಕೂ ಮುಂಚೆ, ನಾವು ಗಿರಾಕಿಗೆ ಕೊಡುವ ಕೊಟೇಶನ್ನಿನಲ್ಲಿ.

ಪದಗಳನ್ನು ಮೊದಲು ಬಿಡಿಸೋಣ

‘ಆಧುನಿಕ ಗುಲಾಮಗಿರಿ’ ಅನ್ನುವ ಹೆಸರಿನ ಕಾಯ್ದೆ ನಮ್ಮ ದೇಶದಲ್ಲಿ ಇಲ್ಲ. ಆ ಹೆಸರಿನ ಕಾನೂನು ಇಂಗ್ಲೆಂಡಿನಲ್ಲಿ 2015ರಲ್ಲಿ, ಆಸ್ಟ್ರೇಲಿಯಾದಲ್ಲಿ 2018ರಲ್ಲಿ ಬಂತು. ಇಂಗ್ಲೆಂಡಿನ ಕಾನೂನಿನ ಪ್ರಕಾರ ವರ್ಷಕ್ಕೆ 3 ಕೋಟಿ 60 ಲಕ್ಷ ಪೌಂಡ್ ಅಥವಾ ಅದಕ್ಕಿಂತ ಜಾಸ್ತಿ ವಹಿವಾಟು ಇರುವ ಕಂಪನಿಗಳು ತಮ್ಮಲ್ಲಿ ಮತ್ತು ತಮಗೆ ಸಾಮಾನು-ಸೇವೆ ಒದಗಿಸುವವರಲ್ಲಿ ಇಂಥದ್ದು ನಡೆಯದಂತೆ ಏನು ಮಾಡಿದ್ದೇವೆ ಎಂದು ಪ್ರತಿ ವರ್ಷ ಬರೆದು ಪ್ರಕಟಿಸಬೇಕು. ಹೀಗಾಗಿ ಎಲ್ಲೋ ಹೊರಗಿನ ಆ ಪ್ರಶ್ನೆ ಕಾರ್ಖಾನೆಗಳ ಫಾರ್ಮ್ ಹತ್ತಿ, ಹುಲ್ಲು ಕತ್ತರಿಸುವ ನನ್ನಂಥವನ ಟೇಬಲ್‌ವರೆಗೂ ಬರುತ್ತದೆ.

ಸಂಖ್ಯೆ ಚಿಕ್ಕದಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ಅದರ ಜೊತೆಗಿನ ಸಂಸ್ಥೆಗಳು 2022ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಜಗತ್ತಿನಲ್ಲಿ 2 ಕೋಟಿ 76 ಲಕ್ಷ ಜನ ಬಲವಂತದ ದುಡಿಮೆಯಲ್ಲಿದ್ದಾರೆ. ಅವರಲ್ಲಿ ಹೆಚ್ಚಿನವರನ್ನು ದುಡಿಸಿಕೊಳ್ಳುತ್ತಿರುವುದು ಖಾಸಗಿಯವರು.

ನಮ್ಮಲ್ಲಿ ಹೆಸರು ಬೇರೆ, ವಿಷಯ ಅದೇ. ಸಂವಿಧಾನದ 23ನೇ ವಿಧಿ ಮನುಷ್ಯರ ಮಾರಾಟ, ಬಿಟ್ಟಿ ಚಾಕರಿ, ಬಲವಂತದ ದುಡಿಮೆ ಮೂರನ್ನೂ ನಿಷೇಧಿಸಿದೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಇದೆ. ಈ ಕಾಯ್ದೆಯ ವ್ಯಾಖ್ಯೆಯನ್ನು ಒಮ್ಮೆ ನಿಧಾನವಾಗಿ ಓದಿದರೆ ನನಗಾದ ಹಾಗೆ ನಿಮಗೂ ಸ್ವಲ್ಪ ಕಸಿವಿಸಿ ಆಗಬಹುದು. ಸಾಲ ಅಥವಾ ಮುಂಗಡ ಕೊಟ್ಟು, ಅದರ ಕಾರಣಕ್ಕೆ ಒಬ್ಬ ಕೂಲಿ ಇಲ್ಲದೆ ಅಥವಾ ಹೆಸರಿಗಷ್ಟೇ ಕೂಲಿಗೆ ದುಡಿಯಬೇಕಾದರೆ ಅದು ಜೀತ. ಬೇರೆ ಕಡೆ ಕೆಲಸಕ್ಕೆ ಹೋಗಲು ಬಿಡದಿದ್ದರೆ ಜೀತ. ಬೇರೆ ಊರಿಗೆ ಓಡಾಡಲು ಬಿಡದಿದ್ದರೆ ಜೀತ. ತನ್ನ ದುಡಿಮೆಯನ್ನು ಮಾರುಕಟ್ಟೆ ದರಕ್ಕೆ ಮಾರಲು ಬಿಡದಿದ್ದರೂ ಜೀತ. ನಾಲ್ಕೂ ಸೇರಬೇಕಿಲ್ಲ, ಒಂದು ಸಾಕು. ಹೊಡೆತ, ಬೀಗ, ಬೇಲಿ ಇವುಗಳ ಮಾತೇ ಅಲ್ಲಿಲ್ಲ.

‘ಹೆಸರಿಗಷ್ಟೇ ಕೂಲಿ’ ಅಂದರೆ ಎಷ್ಟು? ಇದಕ್ಕೆ ಒಂದು ಒಳ್ಳೆಯ ಪ್ರಕರಣ ಇದೆ. 1982ರಲ್ಲಿ ದೆಹಲಿಯಲ್ಲಿ ಏಷ್ಯನ್ ಗೇಮ್ಸ್‌ಗೆ ಸ್ಟೇಡಿಯಂ, ಮೇಲ್ಸೇತುವೆ ಕಟ್ಟುತ್ತಿದ್ದರು. ದಿನಕ್ಕೆ 9 ರೂಪಾಯಿ 25 ಪೈಸೆ ಕನಿಷ್ಠ ಕೂಲಿ. ಅದರಲ್ಲಿ ಜನ ಕರೆತಂದ ಜಮಾದಾರ ತಲೆಗೆ ಒಂದು ರೂಪಾಯಿ ಕಮಿಷನ್ ಮುರಿದುಕೊಂಡು 8 ರೂಪಾಯಿ 25 ಪೈಸೆ ಕೊಡುತ್ತಿದ್ದ. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದು 23ನೇ ವಿಧಿ ಹೇಳುವ ಬಲವಂತದ ದುಡಿಮೆಯೇ ಎಂದು ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ ಹೇಳಿತು. ಕೂಲಿಗೆ ಒಪ್ಪಿಕೊಂಡೇ ಬಂದಿದ್ದನಲ್ಲ ಅಂತ ಹೇಳುವ ಹಾಗಿಲ್ಲ. ಹಸಿವು, ಬಡತನ ಕೂಡ ಬಲವಂತವೇ, ಬೇರೆ ದಾರಿ ಇಲ್ಲದವನ ಒಪ್ಪಿಗೆ ಒಪ್ಪಿಗೆಯಲ್ಲ ಅನ್ನುವುದು ಆ ತೀರ್ಪಿನ ತಿರುಳು. ಆ ಒಂದು ರೂಪಾಯಿಯ ಮಾತು ಮನಸ್ಸಲ್ಲಿಟ್ಟುಕೊಳ್ಳಿ. ನಮ್ಮ ಊರಿನ ಮೇಸ್ತ್ರಿಗಳ ಲೆಕ್ಕದಲ್ಲಿ ಅದು ಇವತ್ತಿಗೂ ಇದೆ. ಮೊತ್ತ ಮಾತ್ರ ದೊಡ್ಡದಾಗಿದೆ.

2025ರ ನವೆಂಬರ್ 21ರಿಂದ ದೇಶದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಕನಿಷ್ಠ ವೇತನ, ಗುತ್ತಿಗೆ ಕಾರ್ಮಿಕರು, ವಲಸೆ ಕಾರ್ಮಿಕರು ಇವರ ಬೇರೆಬೇರೆ ಹಳೇ ಕಾಯ್ದೆಗಳು ಅದರೊಳಗೆ ಸೇರಿಹೋದವು. ಜೀತ ರದ್ದತಿ ಕಾಯ್ದೆ ಮಾತ್ರ ಸೇರಿಲ್ಲ, ತನ್ನ ಪಾಡಿಗೆ ತಾನು ನಿಂತಿದೆ. ಬಾಲಕಾರ್ಮಿಕ ಕಾಯ್ದೆಯೂ ಹಾಗೆಯೇ.

ನಲವತ್ತು ಸಾವಿರದ ಲೆಕ್ಕ

ಮುಂಗಡ ಕೊಡುವುದೇ ತಪ್ಪಾ? ಅಲ್ಲ. ಮಗಳ ಮದುವೆ, ತಂದೆಯ ಆಪರೇಷನ್, ಮಳೆ ಕೈಕೊಟ್ಟ ವರ್ಷದ ಬೀಜದ ಸಾಲ, ಇವೆಲ್ಲ ಇರುವವರಿಗೆ ಬ್ಯಾಂಕ್ ಕೊಡದಿದ್ದನ್ನು ಮೇಸ್ತ್ರಿ ಕೊಡುತ್ತಾನೆ. ಅದಕ್ಕೇ ಅವನು ದೇವರಂತೆ ಕಾಣುತ್ತಾನೆ. ಗುಳೆ ಹೋಗುವ ಊರುಗಳಲ್ಲಿ ಮೇಸ್ತ್ರಿಯನ್ನು ಬೈದರೆ ಮೊದಲು ಸಿಟ್ಟಾಗುವವರು ಕೂಲಿಯವರೇ. ತಪ್ಪು ಇರುವುದು ತೀರಿಸುವ ದಾರಿಯಲ್ಲಿ.

ಒಂದು ಉದಾಹರಣೆ ಹಾಕೋಣ. ಗಂಡ-ಹೆಂಡತಿ ಜೋಡಿಗೆ 40,000 ರೂಪಾಯಿ ಮುಂಗಡ. ದಿನಕ್ಕೆ ಅವನಿಗೆ 450, ಅವಳಿಗೆ 350. ಇಬ್ಬರದು 800. ಮಳೆ, ಮೆಟೀರಿಯಲ್ ಬರದ ದಿನ ಇವನ್ನೆಲ್ಲ ಕಳೆದು ತಿಂಗಳಿಗೆ 22 ದಿನ ಹಾಜರಿ ಅಂದರೆ 17,600. ಈಗ ಮುರಿಯಲು ಶುರು. ಮೇಸ್ತ್ರಿ ಹೇಳಿದ ಅಂಗಡಿಯಲ್ಲೇ ತಂದ ರೇಷನ್ 8,000. ತಗಡಿನ ಶೆಡ್‌ಗೆ ಬಾಡಿಗೆ 1,500. ವಾರಕ್ಕೊಮ್ಮೆ ಕೈಗೆ ಕೊಟ್ಟ ಖರ್ಚಿ ಒಟ್ಟು 4,000. ದವಾಖಾನೆಗೆ 1,400. ನೂರಕ್ಕೆ ಮೂರರಂತೆ ಬಡ್ಡಿ 1,200. ಎಲ್ಲ ಕೂಡಿದರೆ 16,100. ಉಳಿದ 1,500 ಅಸಲಿಗೆ ಜಮಾ.

ಹೀಗೆ ಹೋದರೆ 40,000 ತೀರಲು 27 ತಿಂಗಳು ಬೇಕು. ಅಸಲು ಇಳಿದಂತೆ ಬಡ್ಡಿ ಇಳಿಯಬೇಕಲ್ವಾ ಅಂತ ನೀವು ಕೇಳಬಹುದು. ಕೇಳಬೇಕಾದವರು ಕೇಳುವುದಿಲ್ಲ, ಪುಸ್ತಕ ಅವರ ಕೈಯಲ್ಲಿಲ್ಲ. ಆ 27 ತಿಂಗಳಲ್ಲಿ ಒಂದು ಸಾವು ಅಥವಾ ಒಂದು ಹೆರಿಗೆ ಬಂದೇ ಬರುತ್ತದೆ. ಮತ್ತೆ ಹತ್ತು ಸಾವಿರ ಬರೆಸುತ್ತಾರೆ. ಹಿಂದೆ ಹಳ್ಳಿಯಲ್ಲಿ ಸಂಬಳದಾಳನ್ನು ಯುಗಾದಿಯಿಂದ ಯುಗಾದಿಗೆ ಇಟ್ಟುಕೊಳ್ಳುತ್ತಿದ್ದರು. ವರ್ಷಕ್ಕೊಮ್ಮೆಯಾದರೂ ಲೆಕ್ಕ ಚುಕ್ತಾ ಮಾಡಿ ಕೂರುವ ಒಂದು ದಿನ ಇರುತ್ತಿತ್ತು. ಇಲ್ಲಿ ಆ ದಿನವೇ ಇಲ್ಲ.

ಗಮನಿಸಿ, ಈ ಲೆಕ್ಕದಲ್ಲಿ ಯಾರೂ ಯಾರಿಗೂ ಹೊಡೆದಿಲ್ಲ. ಒಂದೊಂದು ಸಾಲನ್ನೂ ಪ್ರತ್ಯೇಕವಾಗಿ ನೋಡಿದರೆ ‘ಇರಲಿ ಬಿಡು’ ಅನಿಸುತ್ತದೆ. ಕೂಡಿಸಿದಾಗ ಇಬ್ಬರು ಮನುಷ್ಯರು ಎರಡು ವರ್ಷ ಎಲ್ಲಿಗೂ ಹೋಗುವ ಹಾಗಿಲ್ಲ.

ಕಾನೂನು ಇಲ್ಲಿ ತುಂಬಾ ಕಟ್ಟುನಿಟ್ಟು. ಜೀತ ಎಂದು ಸಾಬೀತಾದರೆ ಆ ಸಾಲವೇ ರದ್ದು, ಬಾಕಿ ಕೇಳುವ ಹಾಗಿಲ್ಲ. ಮೂರು ವರ್ಷದವರೆಗೆ ಜೈಲು, 2,000 ರೂಪಾಯಿವರೆಗೆ ದಂಡ. ದಂಡದ ಮೊತ್ತ 1976ರಲ್ಲೇ ನಿಂತುಬಿಟ್ಟಿದೆ, ಜೈಲು ಮಾತ್ರ ಜೈಲೇ. ಇನ್ನೊಂದು ಮಾತು ಬಹಳ ಮಾಲೀಕರಿಗೆ ಗೊತ್ತಿಲ್ಲ. ಇದು ಜೀತದ ಸಾಲ ಎಂದು ಕೂಲಿಯವನು ಹೇಳಿದರೆ, ಅಲ್ಲ ಎಂದು ತೋರಿಸುವ ಹೊಣೆ ಸಾಲ ಕೊಟ್ಟವನದು. ಅಂದರೆ ಪುಸ್ತಕ ಸರಿಯಾಗಿ ಬರೆದಿಡಬೇಕಾದ ಗರಜು ಇರುವುದು ನಮಗೆ.

ಹೆಂಡತಿಗೆ 350 ಯಾಕೆ ಅನ್ನುವುದನ್ನು ಬಿಟ್ಟು ಮುಂದೆ ಹೋಗುವುದು ಬೇಡ. ‘ಗಂಡಾಳಿಗೆ ಇಷ್ಟು, ಹೆಣ್ಣಾಳಿಗೆ ಇಷ್ಟು’ ಅನ್ನುವುದು ನಮ್ಮ ಕಡೆ ಯಾರೂ ಪ್ರಶ್ನಿಸದ ಮಾತು. ಒಂದೇ ಥರದ ಕೆಲಸಕ್ಕೆ ಬೇರೆ ಕೂಲಿ ಕೊಡುವುದು 1976ರಿಂದಲೇ ಕಾನೂನಿಗೆ ವಿರುದ್ಧ. ಲಾನ್‌ನಲ್ಲಿ ಕುಕ್ಕರಗಾಲಲ್ಲಿ ಕೂತು ಜೇಕು ಕೀಳುವ ಕೆಲಸವನ್ನು ಒಂದು ದಿನ ಮಾಡಿ ನೋಡಿ. ಮಷಿನ್ ತಳ್ಳುವುದು ಅದಕ್ಕಿಂತ ಸುಲಭ.

ತೋಟದ ಯಾವ ಮೂಲೆಯಲ್ಲಿ

ನಮ್ಮ ಧಂದೆಯಲ್ಲಿ ನಾನು ಹೆಚ್ಚು ಹೆದರುವ ಜಾಗ ಯಾವುದು ಅಂದರೆ ಊರ ಹೊರಗಿನ ಫಾರ್ಮ್‌ಹೌಸ್. ಗಾರ್ಡನ್ ಮಾಡಿಕೊಟ್ಟ ಮೇಲೆ ಮಾಲೀಕರು ‘ನೋಡಿಕೊಳ್ಳಲು ಒಂದು ಜೋಡಿ ಕೊಡಿ’ ಅನ್ನುತ್ತಾರೆ. ಜೋಡಿ ಅಂದರೆ ಗಂಡ-ಹೆಂಡತಿ. ಇರಲು ಗೇಟಿನ ಪಕ್ಕ ಒಂದು ಕೋಣೆ. ಸಂಬಳ ಗಂಡನಿಗೆ ಮಾತ್ರ, ಹೆಂಡತಿಯ ದುಡಿಮೆ ಅದರಲ್ಲೇ ಬಂತು. ಬೆಳಗ್ಗೆ ಗಿಡಕ್ಕೆ ನೀರು, ಮಧ್ಯಾಹ್ನ ಕಳೆ, ಸಂಜೆ ಈಜುಕೊಳ ತೊಳೆಯುವುದು, ಶನಿವಾರ-ಭಾನುವಾರ ಮಾಲೀಕರ ಬಳಗ ಬಂದರೆ ಅಡುಗೆ, ಪಾತ್ರೆ. ರಾತ್ರಿ ವಾಚ್‌ಮನ್ ಕೆಲಸವೂ ಅವರದೇ. ಬಸ್ ಸ್ಟಾಪ್ ಮೂರು ಕಿಲೋಮೀಟರ್ ದೂರ. ಇಬ್ಬರೂ ಒಟ್ಟಿಗೆ ಊರಿಗೆ ಹೋಗುವ ಹಾಗಿಲ್ಲ, ಒಬ್ಬರು ಇರಲೇಬೇಕು. ಅಂಥ ಒಂದು ಮನೆಯಲ್ಲಿ ಡ್ರಿಪ್ ರಿಪೇರಿಗೆ ಹೋದಾಗ ಆ ಹೆಣ್ಣುಮಗಳು ಹೇಳಿದ್ದು: “ಸಂತಿಗೆ ಹೋಗಿ ಎಂಟ ತಿಂಗಳಾತ್ರಿ ಅಣ್ಣಾರ.” ಯಾರೂ ಕೂಡಿಹಾಕಿಲ್ಲ. ಗೇಟಿನ ಬೀಗದ ಕೈ ಅವಳ ಸೊಂಟದಲ್ಲೇ ಇತ್ತು.

ಎರಡನೆಯದು ನರ್ಸರಿ. ಗಿಡಗಳು ಆಂಧ್ರದ ಕಡಿಯಂನಿಂದ ಲಾರಿಗಟ್ಟಲೆ ಬರುತ್ತವೆ, ಸುತ್ತಮುತ್ತಲ ನರ್ಸರಿಗಳಿಂದಲೂ ಬರುತ್ತವೆ. ಸಸಿ ಮಾಡುವಾಗ ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ಮಣ್ಣು-ಗೊಬ್ಬರ ತುಂಬುವ ಕೆಲಸಕ್ಕೆ ‘ಚೀಲಕ್ಕಿಷ್ಟು’ ಅಂತ ಕೊಡುವ ರೂಢಿ ಇದೆ. ಇಂಥ ಲೆಕ್ಕದ ತೊಂದರೆ ಏನೆಂದರೆ ಅದರಲ್ಲಿ ತುಂಬಿದ ಕೈ ಯಾರದು ಅಂತ ಕಾಣುವುದಿಲ್ಲ. ತಾಯಿ ಹೆಸರಿನಲ್ಲಿ 800 ಚೀಲ ಬರೆದಿದ್ದರೆ ಅದರಲ್ಲಿ ಇನ್ನೂರು ಹತ್ತು ವರ್ಷದ ಮಗುವಿನದು ಇರಬಹುದು. 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವ ಹಾಗಿಲ್ಲ. ಸ್ವಂತ ಕುಟುಂಬದ ಕೆಲಸದಲ್ಲಿ, ಶಾಲೆ ಮುಗಿದ ಮೇಲೆ ನೆರವಾಗುವಂಥ ಒಂದೆರಡು ವಿನಾಯಿತಿ ಮಾತ್ರ ಇವೆ. ನಮ್ಮ ನರ್ಸರಿ ಅವರ ಕುಟುಂಬದ ಕೆಲಸ ಅಲ್ಲ.

ಮೂರನೆಯದು ಕಲ್ಲು. ದಾರಿಗೆ ಹಾಸುವ ಕಲ್ಲು ಎಲ್ಲಿಂದ ಬಂತು ಅಂತ ಗಿರಾಕಿ ಕೇಳುವುದು ಬಣ್ಣ ಹೊಂದಿಸಲು ಮಾತ್ರ. ರಾಜಸ್ಥಾನದ ಬೂಂದಿ ಜಿಲ್ಲೆಯ ಬುಧಪುರದಲ್ಲಿ ಗಣಿಯ ಉಳಿಕೆ ಕಲ್ಲನ್ನು ಸುತ್ತಿಗೆಯಿಂದ ಒಡೆದು ಚೌಕ ಮಾಡುತ್ತಾರೆ. ಅಲ್ಲಿ ಮಕ್ಕಳ ದುಡಿಮೆಯ ಬಗ್ಗೆ ವರ್ಷಗಳಿಂದ ದೂರುಗಳಿವೆ. ಆ ಕಲ್ಲುಗಳು ಯುರೋಪಿನ ಅಂಗಳಗಳಿಗೂ ಹೋಗುತ್ತವೆ. ನಮ್ಮ ಶಹಾಬಾದ್ ಕಲ್ಲು, ಕಡಪ ಕಲ್ಲಿನ ಬಗ್ಗೆ ನಾನು ತೀರ್ಪು ಕೊಡುವುದಿಲ್ಲ. ಆದರೆ ಬಿಲ್ ಇಲ್ಲದೆ, ಗಣಿಯ ಹೆಸರಿಲ್ಲದೆ, ಮಾರುಕಟ್ಟೆಗಿಂತ ಬಹಳ ಅಗ್ಗಕ್ಕೆ ಬರುವ ಲೋಡ್ ಬಗ್ಗೆ ಒಂದು ಪ್ರಶ್ನೆಯನ್ನಾದರೂ ಕೇಳಬೇಕು.

ಉಳಿದದ್ದು ಎಲ್ಲರಿಗೂ ಗೊತ್ತಿರುವುದೇ. ಒಡಿಶಾ, ಜಾರ್ಖಂಡ್‌ನಿಂದ ಬಂದವರಿಗೆ ಇಲ್ಲಿ ಮಾತಾಡಲು ಮೇಸ್ತ್ರಿ ಬಿಟ್ಟರೆ ಯಾರೂ ಇರುವುದಿಲ್ಲ. ಔಷಧಿ ಹೊಡೆಯುವವನಿಗೆ ಕೈಗವಸು ಇರುವುದಿಲ್ಲ. ಹೆಣ್ಣುಮಕ್ಕಳಿಗೆ ಸೈಟಿನಲ್ಲಿ ಶೌಚಾಲಯ ಇರುವುದಿಲ್ಲ. ಇದೆಲ್ಲ ತಾನೇ ಜೀತ ಅಲ್ಲ. ಜೀತ ಬೇರೂರಲು ಇಂಥ ನೆಲ ಬೇಕು, ಅಷ್ಟೇ.

ಕೊಟೇಶನ್ನಿನಲ್ಲೇ ಶುರು

ಮೇಸ್ತ್ರಿಯನ್ನು ಬೈಯುವುದು ಸುಲಭ. ನನ್ನ ಅಭಿಪ್ರಾಯದಲ್ಲಿ ಅವನು ಎರಡನೇ ಆರೋಪಿ. ಮೊದಲನೆಯವರು ರೇಟ್ ಕೊಡುವವರು, ರೇಟ್ ಒಪ್ಪುವವರು.

ಒಂದು ಅಪಾರ್ಟ್‌ಮೆಂಟಿನ ಗಾರ್ಡನ್‌ಗೆ ಆರು ಜನ ಬೇಕು ಅಂದುಕೊಳ್ಳಿ. ದಿನಕ್ಕೆ ತಲೆಗೆ 600 ರೂಪಾಯಿ ಅಂತ ಲೆಕ್ಕಕ್ಕೆ ಹಿಡಿಯೋಣ. ಕನಿಷ್ಠ ಕೂಲಿಯ ನಿಜವಾದ ದರ ಸರ್ಕಾರದ ಪಟ್ಟಿಯಲ್ಲಿ ಇರುತ್ತದೆ, ಪ್ರತಿ ಏಪ್ರಿಲ್ 1ಕ್ಕೆ ತುಟ್ಟಿಭತ್ಯೆ ಸೇರಿ ಬದಲಾಗುತ್ತದೆ, ಅದನ್ನೇ ನೋಡಬೇಕು. 26 ದಿನಕ್ಕೆ ಆರು ಜನರ ಕೂಲಿ 93,600. ಕಾರ್ಮಿಕರ ಸರ್ಕಾರಿ ವಿಮೆ ಇಎಸ್‌ಐಗೆ ಮಾಲೀಕರ ಪಾಲು ಶೇಕಡಾ 3.25 ಅಂದರೆ 3,042. ಒಟ್ಟು 96,642. ಇನ್ನೂ ಪೆಟ್ರೋಲ್, ಗೊಬ್ಬರ, ಮಷಿನ್ ಬ್ಲೇಡ್, ನನ್ನ ಲಾಭ, ಯಾವುದನ್ನೂ ಸೇರಿಸಿಲ್ಲ. ಇಂಥ ಕೆಲಸಕ್ಕೆ ನಾನು 1,15,000 ಹಾಕಿದ್ದೆ. ಇನ್ನೊಬ್ಬರು 80,000ಕ್ಕೆ ತೆಗೆದುಕೊಂಡರು. ಕಮಿಟಿಯವರಿಗೆ ಖುಷಿ, ತಿಂಗಳಿಗೆ 35,000 ಉಳಿಯಿತು.

ಎಲ್ಲಿ ಉಳಿಯಿತು? ಗೊಬ್ಬರದ ಬೆಲೆ ಇಬ್ಬರಿಗೂ ಒಂದೇ. ಪೆಟ್ರೋಲ್ ಬೆಲೆಯೂ ಒಂದೇ. ಕೂಲಿ ಒಂದೇ ಕಡಿಮೆ ಮಾಡಲು ಸಾಧ್ಯ ಇರುವುದು. ಕೊಟೇಶನ್ ಮೇಲೆ ಸಹಿ ಬಿದ್ದ ಗಳಿಗೆಯಲ್ಲೇ ಆ ಆರು ಜನ ಕನಿಷ್ಠ ಕೂಲಿಗಿಂತ ಕೆಳಗೆ ಇಳಿದಾಗಿದೆ. ಇನ್ನು ಅಷ್ಟು ಕಡಿಮೆಗೆ ನಿಲ್ಲುವ ಜನ ಬೇಕಲ್ಲ. ಅದಕ್ಕೆ ಮುಂಗಡ ಬೇಕು. ಮುಂಗಡಕ್ಕೆ ಮೇಸ್ತ್ರಿ ಬೇಕು. ಸರಪಳಿ ಹೀಗೆ ಕೂಡಿಕೊಳ್ಳುತ್ತದೆ.

‘ಅದು ಕಾಂಟ್ರ್ಯಾಕ್ಟರ್ ವಿಷಯ, ನಮಗೇನು’ ಅನ್ನುವ ಕಮಿಟಿಗಳಿಗೆ, ಕಂಪನಿಗಳಿಗೆ ಒಂದು ಮಾತು. ಗುತ್ತಿಗೆ ಕಾರ್ಮಿಕರಿಗೆ ಗುತ್ತೇದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡವರು ಕೊಡಬೇಕು ಅನ್ನುವ ನಿಯಮ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೂ ಇತ್ತು, ಹೊಸ ಸಂಹಿತೆಯಲ್ಲೂ ಇದೆ. ಎಷ್ಟು ಜನರಿದ್ದರೆ ಅನ್ವಯ ಅನ್ನುವ ಮಿತಿ ಬದಲಾಗಿದೆ. ತತ್ವ ಬದಲಾಗಿಲ್ಲ.

ನಾವು ಏನು ಬದಲಾಯಿಸಿದೆವು

ಕಾರ್ಡ್‌ಗಳನ್ನು ಅವತ್ತೇ ಸಂಜೆ ವಾಪಸ್ ಕೊಟ್ಟೆ. ಒಬ್ಬ ಹುಡುಗ ಎರಡು ಕಡೆ ತಿರುಗಿಸಿ ನೋಡಿ, ಅಂಗಿಯ ಒಳಜೇಬಿಗೆ ಹಾಕಿಕೊಂಡ. ಗದಗದ ಹುಡುಗ ರಾತ್ರಿ ಬಸ್ಸಿಗೆ ಹೊರಟ. ಈಗ ಗೇಟ್ ಪಾಸ್‌ಗೆ ಝೆರಾಕ್ಸ್ ಮಾತ್ರ, ಅದೂ ಅವರ ಎದುರಿಗೇ ಮಾಡಿಸಿ ಮೂಲ ಕಾರ್ಡ್ ಅಲ್ಲೇ ಕೊಡುತ್ತೇವೆ. ಎಟಿಎಂ ಕಾರ್ಡ್ ಬಗ್ಗೆಯೂ ಕೇಳಬೇಕು ಅಂತ ಆಮೇಲೆ ಗೊತ್ತಾಯಿತು. ಪಗಾರ ಬ್ಯಾಂಕ್ ಖಾತೆಗೆ ಹಾಕಿದರೆ ಆಯಿತು, ಪಾರದರ್ಶಕ ಅಂತ ನಾನು ಬೀಗುತ್ತಿದ್ದೆ. ಮೂವರ ಎಟಿಎಂ ಕಾರ್ಡ್, ಪಿನ್ ಸಮೇತ, ಮೇಸ್ತ್ರಿಯ ಪಾಕೀಟಿನಲ್ಲಿದ್ದವು!

ಮುಂಗಡ ನಿಲ್ಲಿಸಿಲ್ಲ. ನಿಲ್ಲಿಸಿದರೆ ಅವರು ಇನ್ನೂ ಕೆಟ್ಟ ಕಡೆ ತೆಗೆದುಕೊಳ್ಳುತ್ತಾರೆ. ಆದರೆ ಮಿತಿ ಹಾಕಿದೆವು. ಒಂದು ತಿಂಗಳ ಪಗಾರಕ್ಕಿಂತ ಜಾಸ್ತಿ ಇಲ್ಲ, ಬಡ್ಡಿ ಇಲ್ಲ, ತಿಂಗಳಿಗೆ ಕೂಲಿಯ ಹತ್ತರಲ್ಲಿ ಒಂದು ಪಾಲು ಮಾತ್ರ ಮುರಿಯುವುದು. ಎಲ್ಲ ಕಡಿತ ಸೇರಿ ಕೂಲಿಯ ಅರ್ಧ ದಾಟಬಾರದು ಅಂತ ವೇತನ ಸಂಹಿತೆ ಹೇಳುತ್ತದೆ. ಅರ್ಧ ಮುರಿದರೆ ಯಾರೂ ಬದುಕಲು ಆಗುವುದಿಲ್ಲ ಅಂತ ನಮಗೆ ಅನಿಸಿತು. ಲೆಕ್ಕದ ಚೀಟಿ ಎರಡು, ಒಂದು ಅವರ ಕೈಯಲ್ಲಿ. ಓದು ಬಾರದವರು ಫೋನಿನಲ್ಲಿ ಫೋಟೋ ತೆಗೆದು ಊರಿನ ಮಗನಿಗೆ ಕಳಿಸುತ್ತಾರೆ. ಮಗ ಒಮ್ಮೆ ಫೋನ್ ಮಾಡಿ ನನ್ನ ಕೂಡುವ ತಪ್ಪನ್ನು ಹಿಡಿದದ್ದೂ ಇದೆ.

ಮುಖ್ಯವಾದ ಸಾಲು ಚೀಟಿಯ ಕೆಳಗಿದೆ: ಬಾಕಿ ಇದ್ದರೂ ಯಾವಾಗ ಬೇಕಾದರೂ ಕೆಲಸ ಬಿಡಬಹುದು. ಬಿಟ್ಟವರ ಕೂಲಿಯನ್ನು ಎರಡು ಕೆಲಸದ ದಿನದೊಳಗೆ ಚುಕ್ತಾ ಮಾಡಬೇಕು ಅನ್ನುವುದು ಸಂಹಿತೆಯ ನಿಯಮ. ಮುಂಗಡದ ಬಾಕಿ ಉಳಿದರೆ ನಾನು ಕೇಳಬಹುದು, ತಡೆದು ನಿಲ್ಲಿಸುವ ಹಾಗಿಲ್ಲ. ಹೀಗೆ ಎಷ್ಟು ಹಣ ಮುಳುಗಿತು ಅಂತ ಎಲ್ಲರೂ ಕೇಳುತ್ತಾರೆ. ಮುಳುಗಿದೆ. ಒಂದು ವರ್ಷ 11,000, ಇನ್ನೊಂದು ವರ್ಷ 6,500. ಮಷಿನ್ ಕೆಟ್ಟಾಗ ಇದಕ್ಕಿಂತ ಜಾಸ್ತಿ ಹೋಗಿದೆ, ಅದಕ್ಕಾಗಿ ಯಾರ ಕಾರ್ಡನ್ನೂ ಇಟ್ಟುಕೊಂಡಿರಲಿಲ್ಲ.

ಮೇಸ್ತ್ರಿಗೆ ಅವನ ಕಮಿಷನ್ ನಾನೇ ಬೇರೆಯಾಗಿ ಕೊಡುತ್ತೇನೆ, ಅದಕ್ಕೂ ಚೀಟಿ. ಜನರ ಕೂಲಿಯಿಂದ ಒಂದು ರೂಪಾಯಿ ಮುರಿಯುವ ಹಾಗಿಲ್ಲ. ಮೇಸ್ತ್ರಿಯ ಕೆಳಗೆ ಇನ್ನೊಬ್ಬ ಮೇಸ್ತ್ರಿ ಇರುವ ಹಾಗಿಲ್ಲ. ಕೆಲಸಕ್ಕೆ ಸೇರುವಾಗ ಕೂಲಿ, ಹೊತ್ತು, ರಜೆ ಬರೆದ ಕನ್ನಡದ ಒಂದು ಪುಟದ ಪತ್ರ ಕೊಡುತ್ತೇವೆ, ಹಿಂದಿಯವರಿಗೆ ಹಿಂದಿಯಲ್ಲಿ. ಹತ್ತು ಮತ್ತು ಹೆಚ್ಚು ಜನ ಇರುವಲ್ಲಿ ನೇಮಕಾತಿ ಪತ್ರ ಈಗ ಕಡ್ಡಾಯ.

ಇವೆಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಮಾತು. ತಿಂಗಳಿಗೊಮ್ಮೆ ಮೇಸ್ತ್ರಿಯನ್ನು ಗೊಬ್ಬರ ತರಲು ಕಳಿಸಿ, ಚಹಾ ಹೊತ್ತಿಗೆ ನಾನು ಅಥವಾ ನನ್ನ ಹೆಂಡತಿ ಸುಮ್ನೆ ಕೂರುತ್ತೇವೆ. ಹೆಣ್ಣುಮಕ್ಕಳು ನನ್ನ ಹತ್ತಿರ ಹೇಳದ್ದನ್ನು ಅವಳ ಹತ್ತಿರ ಹೇಳುತ್ತಾರೆ. ‘ನಿನಗೆ ತೊಂದರೆ ಇದೆಯಾ’ ಅಂತ ಕೇಳಿದರೆ ಎಲ್ಲರೂ ಇಲ್ಲ ಅನ್ನುತ್ತಾರೆ. ಕೇಳುವುದು ಇಷ್ಟೇ: ಕಾರ್ಡ್ ಯಾರ ಹತ್ತಿರ ಇದೆ? ಹೋದ ತಿಂಗಳು ಕೈಗೆ ಎಷ್ಟು ಬಂತು? ಯಾರಿಗಾದರೂ ಎಷ್ಟು ಕೊಡುವುದಿದೆ? ನಾಳೆ ಊರಿಗೆ ಹೋಗಬೇಕಾದರೆ ಯಾರನ್ನು ಕೇಳಬೇಕು? ಕೊನೆಯ ಪ್ರಶ್ನೆಗೆ ‘ಯಾರನ್ನೂ ಕೇಳಬೇಕಾಗಿಲ್ಲ, ಹೇಳಿ ಹೋಗ್ತೀನಿ’ ಅಂತ ಬಂದರೆ ಸರಿ. ಉತ್ತರದ ಮೊದಲು ಅವರು ಅತ್ತಿತ್ತ ನೋಡಿದರೆ ಸರಿಯಿಲ್ಲ.

ಕಂಡುಬಿಟ್ಟರೆ

ಇಲ್ಲಿ ಒಳ್ಳೆಯ ಮನಸ್ಸಿನವರೂ ಎಡವುತ್ತಾರೆ. ತಮ್ಮ ಸೈಟಿನಲ್ಲಿ ಇಂಥದ್ದು ನಡೆಯುತ್ತಿದೆ ಅಂತ ಗೊತ್ತಾದ ಕೂಡಲೇ ಮೇಸ್ತ್ರಿಯನ್ನು ಕರೆದು ಬೈದು, ಜನರ ಕೈಗೆ ಬಸ್ ಚಾರ್ಜ್ ಕೊಟ್ಟು, ಅವತ್ತೇ ಊರಿಗೆ ಕಳಿಸಿಬಿಡುತ್ತಾರೆ. ಕೈ ತೊಳೆದುಕೊಂಡಂತೆ. ಆ ಜನ ಊರಿಗೆ ಹೋಗುವ ಮೊದಲೇ ಮೇಸ್ತ್ರಿಯ ಫೋನ್ ಹೋಗಿರುತ್ತದೆ. ಸಾಲ ಹಾಗೇ ಇರುತ್ತದೆ. ವಾರದೊಳಗೆ ಇನ್ನೊಂದು ಸೈಟಿನಲ್ಲಿ ಇರುತ್ತಾರೆ.

ಕಾಯ್ದೆಯ ದಾರಿ ಬೇರೆ. ಜೀತದ ವಿಷಯದಲ್ಲಿ ಅಧಿಕಾರ ಇರುವುದು ಜಿಲ್ಲಾಧಿಕಾರಿಗೆ, ಅವರ ಪರವಾಗಿ ಉಪವಿಭಾಗಾಧಿಕಾರಿಗೆ. ಜಿಲ್ಲೆಗೆ, ಉಪವಿಭಾಗಕ್ಕೆ ಜಾಗೃತಿ ಸಮಿತಿ ಇರಬೇಕು ಅಂತ ಕಾಯ್ದೆ ಹೇಳುತ್ತದೆ. ವಿಚಾರಣೆ ಮಾಡಿ ಅವರು ಬಿಡುಗಡೆ ಪತ್ರ ಕೊಡುತ್ತಾರೆ. ಆ ಒಂದು ಕಾಗದ ಇಲ್ಲದಿದ್ದರೆ ಸಾಲ ರದ್ದಾಯಿತು ಅಂತ ಊರಲ್ಲಿ ಯಾರೂ ನಂಬುವುದಿಲ್ಲ. ಪುನರ್ವಸತಿ ಹಣ ಸಿಗುವುದೂ ಅದರ ಮೇಲೆಯೇ. ಕೇಂದ್ರದ 2016ರ ಯೋಜನೆಯಲ್ಲಿ ವಯಸ್ಕ ಗಂಡಸಿಗೆ 1 ಲಕ್ಷ, ಹೆಂಗಸರು-ಮಕ್ಕಳಿಗೆ 2 ಲಕ್ಷ, ತೀರಾ ಕ್ರೂರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ ನಿಗದಿಯಾಗಿದೆ. ಬಸ್ ಹತ್ತಿಸಿ ಕಳಿಸಿದರೆ ಇದೆಲ್ಲ ಹೋದ ಹಾಗೆಯೇ.

ಹಾಗಾಗಿ ಮೊದಲು ಅವರ ಜೊತೆ ಗುಟ್ಟಾಗಿ ಮಾತಾಡಿ, ಅವರಿಗೇನು ಬೇಕು ಕೇಳಿ. ಮೇಸ್ತ್ರಿಗೆ ಸುಳಿವು ಕೊಡಬೇಡಿ. ಹಾಜರಿ, ಚೀಟಿ, ಫೋನಿನ ಮೆಸೇಜ್ ಏನಿದ್ದರೂ ಫೋಟೋ ತೆಗೆದಿಡಿ. ಹೊಡೆತ, ಬೆದರಿಕೆ ಇದ್ದರೆ 112. ಮಕ್ಕಳಿದ್ದರೆ 1098. ಕೂಲಿಯ ತಕರಾರಿಗೆ ಕಾರ್ಮಿಕ ಇಲಾಖೆಯ ಸಹಾಯವಾಣಿ 155214. ಉಚಿತ ವಕೀಲರ ನೆರವಿಗೆ ಕಾನೂನು ಸೇವೆಗಳ ಪ್ರಾಧಿಕಾರದ 15100. ನಿಮ್ಮ ಕಡೆಯಿಂದ ಬರಬೇಕಾದ ಕೂಲಿ ಬಾಕಿ ಇದ್ದರೆ ಯಾರಿಗೂ ಕಾಯದೆ ಅವರ ಕೈಗೇ ಕೊಡಿ. ‘ನಮ್ಮ ಹೆಸರು ಕೆಡುತ್ತದೆ’ ಅನ್ನುವ ಭಯ ನನಗೂ ಇತ್ತು. ಗುತ್ತಿಗೆ ಕೊಟ್ಟವರು ತಾವೇ ಹೋಗಿ ಹೇಳುವುದಕ್ಕೂ, ಬೇರೆಯವರು ಹಿಡಿದು ಹೇಳುವುದಕ್ಕೂ ವ್ಯತ್ಯಾಸ ಇದೆ.

ಆ ಹಳೇ ಮೇಸ್ತ್ರಿ ನನ್ನ ಜೊತೆ ಈಗ ಇಲ್ಲ. ‘ನಿಮ್ಮಲ್ಲಿ ಪುರಾಣ ಜಾಸ್ತಿ ಆತ್ರಿ ಸರ’ ಅಂತ ನಗುತ್ತಲೇ ಹೋದ. ಕಾರ್ಖಾನೆಯ ಫಾರ್ಮ್ ಪ್ರತಿ ವರ್ಷ ಬರುತ್ತದೆ, ಆ ಪ್ರಶ್ನೆಗೆ ಈಗ ಒಂದೂವರೆ ಪುಟ ಬರೆಯುತ್ತೇನೆ. ಯಾರಾದರೂ ಓದುತ್ತಾರೋ ಇಲ್ಲವೋ. 1,15,000 ಮತ್ತು 80,000ದ ಆ ಅಪಾರ್ಟ್‌ಮೆಂಟ್ ಮುಂದೆ ಮೊನ್ನೆ ಬೆಳಗ್ಗೆ ಹಾದುಹೋದೆ. ಗೇಟಿನಲ್ಲಿ ಗಾರ್ಡನ್ ಕೆಲಸದವರ ಪಿಕಪ್ ನಿಂತಿತ್ತು, ಹಿಂದೆ ಎಂಟು ಜನ ಕೂತಿದ್ದರು, ಇಬ್ಬರು ತೀರಾ ಚಿಕ್ಕವರಂತೆ ಕಂಡರು. ಗಾಡಿ ಬದಿಗೆ ಹಾಕಿ ಮೊದಲು 1098ಕ್ಕೆ ಫೋನ್ ಮಾಡಿದೆ. ಆಮೇಲೆ ಕಮಿಟಿಯ ಸೆಕ್ರೆಟರಿಗೆ. ನಾಲ್ಕು ಪ್ರಶ್ನೆ ಇವೆ, ನಿಮ್ಮ ಗಾರ್ಡನ್ ಹುಡುಗರನ್ನು ಕೇಳ್ತೀರಾ ಅಂದೆ. ಮೀಟಿಂಗ್‌ನಲ್ಲಿದ್ದೇನೆ, ವಾಟ್ಸಾಪ್ ಮಾಡಿ ಅಂದರು. ಮಾಡಿದ್ದೇನೆ. ಎರಡು ನೀಲಿ ಟಿಕ್ ಬಿದ್ದಿವೆ.